ಪಂಪು ಓಡುತ್ತದೆ, ನೀರು ಮಾತ್ರ ಬರುವುದಿಲ್ಲ

ಚಳಿ ಸರಿದು, ಮರಗಳು ಎಲೆ ಉದುರಿಸಿ ಚಿಗುರಲು ಹೊರಡುವ ಹೊತ್ತಿಗೆ ತೆರೆದ ಬಾವಿಯ ಪಂಪುಗಳು ಒಂದೊಂದಾಗಿ ಕೈಕೊಡಲು ಶುರು ಮಾಡುತ್ತವೆ. ಎರಡು ತಿಂಗಳ ಹಿಂದೆ ಒಂದು ಬಕೆಟ್ ನೀರು ಹೊಯ್ದು ಸ್ವಿಚ್ ಒತ್ತಿದರೆ ಎತ್ತುತ್ತಿದ್ದ ಪಂಪು ಈಗ ಗುಂಯ್ ಎಂದು ಓಡುತ್ತದೆ, ಪೈಪಿನ ಬಾಯಲ್ಲಿ ಉಸಿರು ಬಿಟ್ಟರೆ ಬೇರೇನಿಲ್ಲ. ಕೂಡಲೇ ಮೋಟರ್ ಬಿಚ್ಚಿ ರಿವೈಂಡಿಂಗಿಗೆ ಹೊರುವವರಿದ್ದಾರೆ. ಮೋಟರ್ ತಿರುಗುತ್ತಿದೆ ಎಂದಮೇಲೆ ಅದರ ಕೆಲಸ ಅದು ಮಾಡುತ್ತಿದೆ. ಬಹುಪಾಲು ಸಲ ತಕರಾರು ಇರುವುದು ಪಂಪಿನಿಂದ ಕೆಳಗೆ, ನೀರಿನವರೆಗಿನ ಆ ನಾಲ್ಕೈದು ಮಾರು ಸಕ್ಷನ್ ಪೈಪಿನಲ್ಲಿ. ಅಲ್ಲೆಲ್ಲೋ ಗಾಳಿ ಹೊಕ್ಕಿದೆ.

ಸೆಂಟ್ರಿಫ್ಯೂಗಲ್ ಪಂಪು ನೀರನ್ನು ‘ಎಳೆಯುತ್ತದೆ’ ಎಂದು ನಾವು ಹೇಳುತ್ತೇವೆಯೇ ಹೊರತು ನಿಜಕ್ಕೂ ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ಮೇಲಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಆ ಒತ್ತಡ ಹೊರಬಲ್ಲದ್ದು 10.3 ಮೀಟರ್, ಅಂದರೆ ಸುಮಾರು 34 ಅಡಿ ನೀರು. ಪೈಪಿನ ಘರ್ಷಣೆ, ಬೆಂಡು, ಫುಟ್‌ವಾಲ್ವ್ (ನೀರು ಹಿಂದಕ್ಕೆ ಇಳಿಯದಂತೆ ಪೈಪಿನ ತಳದಲ್ಲಿ ಹಾಕುವ ಕವಾಟ) ಎಲ್ಲ ತಮ್ಮ ಪಾಲು ಕಿತ್ತುಕೊಂಡಮೇಲೆ ಕೈಗೆ ಸಿಗುವುದು 20ರಿಂದ 22 ಅಡಿ. ಎತ್ತರದ ಸೀಮೆಯಲ್ಲಿ ಇನ್ನೂ ಕಡಿಮೆ. ಸಾವಿರ ಮೀಟರ್ ಎತ್ತರದ ಜಾಗದಲ್ಲಿ ಒಂದು ಮೀಟರಿಗೂ ತುಸು ಹೆಚ್ಚು ಖೋತಾ. ಬಾವಿ ತುಂಬಿದ್ದಾಗ ಪಂಪು 10 ಅಡಿಯಿಂದ ಎತ್ತುತ್ತಿತ್ತು, ಪೈಪಿನಲ್ಲಿ ಸಣ್ಣ ಸೋರಿಕೆ ಇದ್ದರೂ ಹೇಗೋ ನಡೆಯುತ್ತಿತ್ತು. ನೀರು 18 ಅಡಿಗೆ ಇಳಿದಾಗ ಅದೇ ಸೋರಿಕೆ ಪಂಪನ್ನು ನಿಲ್ಲಿಸುತ್ತದೆ. ತಕರಾರು ಹೊಸದಲ್ಲ, ಬಯಲಾದದ್ದು ಈಗ.

ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ನಾನು ಹಿಡಿಯುವುದು ಕಲ್ಲು ಕಟ್ಟಿದ ಹಗ್ಗ. ಪಂಪಿನ ಮಧ್ಯದಿಂದ ನೀರಿನ ಮೇಲ್ಮೈಗೆ ಎಷ್ಟು ಅಡಿ ಎಂದು ಬೆಳಿಗ್ಗೆ ಒಮ್ಮೆ ಅಳೆಯಬೇಕು. ಪಂಪು ಓಡುವ ಸ್ಥಿತಿಯಲ್ಲಿದ್ದರೆ ಎರಡು ಗಂಟೆ ಓಡಿಸಿ ಮತ್ತೊಮ್ಮೆ. ಊಟೆ ಸಣ್ಣದಾದ ಬಾವಿಯಲ್ಲಿ ಈ ಎರಡು ಅಳತೆಗಳ ನಡುವೆ ಐದಾರು ಅಡಿ ವ್ಯತ್ಯಾಸ ಬರುವುದುಂಟು. ಲೆಕ್ಕಕ್ಕೆ ಹಿಡಿಯಬೇಕಾದದ್ದು ಎರಡನೆಯ ಅಳತೆ. ಅದು 22 ಅಡಿ ದಾಟಿದ್ದರೆ ಯಾವ ವಾಷರ್ ಬದಲಿಸಿಯೂ ಉಪಯೋಗವಿಲ್ಲ, ಪಂಪನ್ನೇ ಕೆಳಗಿಳಿಸಬೇಕು.

ಆಳ ಸರಿಯಿದ್ದರೆ ಮುಂದಿನದು ನೀರು ತುಂಬುವ ಪರೀಕ್ಷೆ. ಇದಕ್ಕೆ ಬೇಕಾದದ್ದು ಲೀಟರ್ ಲೆಕ್ಕ ಗೊತ್ತಿರುವ ಒಂದು ಬಕೆಟ್ ಮತ್ತು ಸ್ವಲ್ಪ ತಾಳ್ಮೆ. ಎರಡು ಇಂಚಿನ ಪೈಪು ಒಂದು ಮೀಟರಿಗೆ ಸುಮಾರು 2 ಲೀಟರ್ ಹಿಡಿಯುತ್ತದೆ, ಎರಡೂವರೆ ಇಂಚಿನದು 3.2, ಮೂರು ಇಂಚಿನದು 4.5. ಎಂಟು ಮೀಟರ್ ಉದ್ದದ ಎರಡೂವರೆ ಇಂಚಿನ ಪೈಪು ಪೂರಾ ಖಾಲಿಯಿದ್ದರೆ 25 ಲೀಟರ್, ಪಂಪಿನ ಹೊಟ್ಟೆಗೆ ಇನ್ನೊಂದು ಮೂರು ನಾಲ್ಕು. ಅರವತ್ತು ಲೀಟರ್ ಹೊಯ್ದರೂ ತುಂಬುತ್ತಿಲ್ಲ ಎಂದರೆ ಫುಟ್‌ವಾಲ್ವ್ ಬಾಯಿ ತೆರೆದುಕೊಂಡೇ ಕುಳಿತಿದೆ. ಮುಂದೆ ನೋಡುವುದೇ ಬೇಡ, ಮೇಲೆತ್ತಬೇಕು.

ತುಂಬಿದರೆ ಅಷ್ಟಕ್ಕೇ ಸ್ವಿಚ್ ಒತ್ತಬಾರದು. ನೀರು ಹೊರಗೆ ಹೋಗುವ ಪೈಪಿನ ಗೇಟ್‌ವಾಲ್ವ್ ಮುಚ್ಚಿರಲಿ, ಮೇನ್ ಸ್ವಿಚ್ ತೆಗೆದಿರಲಿ. ಶಾಫ್ಟನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸಿದರೆ ಇಂಪೆಲ್ಲರಿನ (ಪಂಪಿನೊಳಗೆ ತಿರುಗುವ ಚಕ್ರದ) ಎಸಳುಗಳ ನಡುವೆ ಸಿಕ್ಕಿದ ಗಾಳಿ ಬುಳುಬುಳು ಎಂದು ಮೇಲೆ ಬರುತ್ತದೆ. ಗುಳ್ಳೆ ನಿಲ್ಲುವವರೆಗೆ ಮತ್ತೆ ಹೊಯ್ದು, ಪ್ರೈಮಿಂಗ್ ಬಟ್ಟಲಿನ (ಪಂಪಿಗೆ ನೀರು ಹೊಯ್ಯುವ ಬಾಯಿಯ) ಅರ್ಧಕ್ಕೆ ನೀರು ನಿಲ್ಲಿಸಿ, ಅದನ್ನು ತೆರೆದೇ ಬಿಟ್ಟು ಅರ್ಧ ಗಂಟೆ ಕಾಯುತ್ತೇನೆ. ತೆರೆದೇ ಬಿಡಬೇಕು ಎನ್ನುವುದಕ್ಕೆ ಕಾರಣವಿದೆ. ಪಂಪು ಓಡುವಾಗ ಸಕ್ಷನ್ ಪೈಪಿನ ತೂತು ನೀರನ್ನು ಹೊರಗೆ ಬಿಡುವುದಿಲ್ಲ, ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಜಾಯಿಂಟು ಒಣಗಿಯೇ ಇರುತ್ತದೆ. ನಿಂತ ಪಂಪಿನಲ್ಲಿ ಬಟ್ಟಲು ತೆರೆದಿದ್ದಾಗ ನೀರಿನ ಭಾರ ಹೊರಮುಖವಾಗಿ ಒತ್ತುತ್ತದೆ, ಅದೇ ತೂತು ಆಗ ಜಿನುಗುತ್ತದೆ.

ಬಟ್ಟಲಿನ ನೀರು ಇಳಿದಿದ್ದರೆ ಎಷ್ಟು ಇಳಿದಿದೆ ಎಂಬುದರಲ್ಲೇ ಉತ್ತರವಿದೆ. ಸೋರುವ ಜಾಯಿಂಟಿನ ಮಟ್ಟಕ್ಕೆ ಬಂದಮೇಲೆ ನೀರು ಇಳಿಯುವುದು ನಿಲ್ಲುತ್ತದೆ. ಫುಟ್‌ವಾಲ್ವೇ ಸೋರುತ್ತಿದ್ದರೆ ಬಾವಿಯ ನೀರಿನ ಮಟ್ಟದವರೆಗೂ ಇಳಿಯುತ್ತದೆ. ಹಾಗಾಗಿ ಮತ್ತೆ ತುಂಬಲು ಎಷ್ಟು ಲೀಟರ್ ಬೇಕಾಯಿತು ಎಂದು ಅಳೆಯಿರಿ. ಅದರಲ್ಲಿ ಪಂಪಿನ ಹೊಟ್ಟೆ ಮತ್ತು ಅಡ್ಡಪೈಪಿನ ಪಾಲು ಕಳೆದು ಉಳಿದದ್ದು ಆರು ಲೀಟರ್ ಎಂದಿಟ್ಟುಕೊಳ್ಳಿ. ಎರಡೂವರೆ ಇಂಚಿನ ಪೈಪಿನಲ್ಲಿ ಅದು ಬೆಂಡಿನಿಂದ ಎರಡು ಮೀಟರ್ ಕೆಳಗೆ. ಆ ಆಸುಪಾಸಿನಲ್ಲಿ ಒಂದು ಸಾಕೆಟ್ಟೋ ಫ್ಲ್ಯಾಂಜೋ (ಬೋಲ್ಟು ಬಿಗಿದು ಪೈಪು ಸೇರಿಸುವ ಬಿಲ್ಲೆ) ಇದ್ದರೆ ಕಳ್ಳ ಸಿಕ್ಕಿದ. ಸೋರಿಕೆ ತೀರಾ ಸಣ್ಣದಾದರೆ ಅರ್ಧ ಗಂಟೆ ಸಾಲದು, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಅಳೆಯಬೇಕು.

ಒಂದು ಜಾತಿಯ ಸೋರಿಕೆ ಮಾತ್ರ ಈ ಪರೀಕ್ಷೆಗೂ ಸಿಗುವುದಿಲ್ಲ. ಫ್ಲ್ಯಾಂಜಿನ ರಬ್ಬರ್ ಪ್ಯಾಕಿಂಗ್ ಹರಿದು ನಾಲಿಗೆಯಂತೆ ಸಡಿಲವಾಗಿದ್ದರೆ ಒಳಗಿನ ನೀರು ಒತ್ತಿದಾಗ ಅದು ತಾನೇ ಮುಚ್ಚಿಕೊಳ್ಳುತ್ತದೆ, ಪಂಪು ಎಳೆದಾಗ ತೆರೆದುಕೊಳ್ಳುತ್ತದೆ. ಅಂಥದ್ದಕ್ಕೆ ಜಿಗುಟು ಮಣ್ಣೇ ಮದ್ದು. ಕೆರೆಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ, ನೀರು ಬಿಟ್ಟುಬಿಟ್ಟು ಬರುತ್ತಿರುವಾಗ ಕೈಗೆಟಕುವ ಜಾಯಿಂಟುಗಳಿಗೆ ಒಂದೊಂದಾಗಿ ಮೆತ್ತುತ್ತಾ ಹೋಗುವುದು. ಯಾವುದಕ್ಕೆ ಮೆತ್ತಿದಾಗ ನೀರು ಗಟ್ಟಿಯಾಗಿ ಬರುತ್ತದೋ ಅದೇ. ಸಾಬೂನಿನ ನೊರೆಯೂ ಆಗುತ್ತದೆ, ತೂತಿರುವ ಕಡೆ ನೊರೆ ಒಳಗೆ ಸೇದಿಹೋಗುವುದು ಕಾಣುತ್ತದೆ. ತಿರುಗುವ ಕಪ್ಲಿಂಗಿನ ಹತ್ತಿರ ಮಾತ್ರ ಕೈ ಒಯ್ಯಬಾರದು.

ಜಾಯಿಂಟು ಸರಿಮಾಡುವುದರಲ್ಲಿ ಗುಟ್ಟೇನಿಲ್ಲ. ಪೈಪಿಗೆ ಮರೆ (ತಿರುಪಿನ ಗೆರೆ) ಇರುವ ಕಡೆ ಹಳೆಯ ನಾರನ್ನು ತಂತಿ ಬ್ರಷ್ಷಿನಿಂದ ಪೂರಾ ತೆಗೆದು, ಮರೆ ಬಿಗಿಯುವ ದಿಕ್ಕಿಗೇ ಹೊಸ ನಾರು ಸುತ್ತಿ ಪೇಂಟು ಹಚ್ಚಬೇಕು. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಯುವಾಗ ನಾರೆಲ್ಲ ಹೊರಗೆ ಮುದ್ದೆಯಾಗಿ ಬರುತ್ತದೆ. ಫ್ಲ್ಯಾಂಜಿಗೆ 3 ಮಿಲಿಮೀಟರ್ ರಬ್ಬರ್ ಹಾಳೆ, ಒಳತೂತು ಪೈಪಿನ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದು. ಬೋಲ್ಟುಗಳನ್ನು ಎದುರುಬದುರಾಗಿ ಬಿಗಿಯುವುದು. ಅಡ್ಡಪೈಪು ಬಾವಿಯಿಂದ ಪಂಪಿನ ಕಡೆಗೆ ಸ್ವಲ್ಪವಾದರೂ ಏರುತ್ತಲೇ ಇರಬೇಕು. ನಡುವೆ ಗೂನು ಇದ್ದರೆ ಅಲ್ಲಿ ಗಾಳಿ ತಂಗುತ್ತದೆ, ಎಷ್ಟು ನೀರು ಹೊಯ್ದರೂ ಜಾಗ ಬಿಡುವುದಿಲ್ಲ. ಪೈಪಿನ ಕೆಳಗಿನ ಕಲ್ಲು ಕುಸಿದು ಗೂನು ಹುಟ್ಟುವುದು ಮಳೆಗಾಲದಲ್ಲಿ, ಅದರ ಕಾಟ ಈಗ.

ಇನ್ನು ಫುಟ್‌ವಾಲ್ವ್. ಎರಡೂವರೆ ಇಂಚಿನ ಕಬ್ಬಿಣದ ಪೈಪು ಮೀಟರಿಗೆ ಸುಮಾರು ಆರೂವರೆ ಕೆಜಿ, ಒಳಗೆ ನೀರು ನಿಂತಿದ್ದರೆ ಹತ್ತರ ಹತ್ತಿರ. ಆರು ಮೀಟರ್ ಎಂದರೆ ಅರವತ್ತು ಕೆಜಿ, ಬಾವಿಯ ದಡದಲ್ಲಿ ಬಗ್ಗಿ ನಿಂತು ಎತ್ತುವ ಭಾರವಲ್ಲ. ಮುಕ್ಕಾಲಿ ನಿಲ್ಲಿಸಿ ಚೈನ್ ಪುಲ್ಲಿಯಿಂದ ಎತ್ತುವುದು ಸರಿ. (ವಾಲ್ವ್ ಕೆಟ್ಟಿದ್ದರೆ ನೀರು ಸೋರಿಹೋಗಿ ಪೈಪು ಹಗುರವಾಗಿರುತ್ತದೆ. ಎತ್ತುವಾಗಲೇ ಭಾರ ಎನಿಸಿದರೆ ‘ಅಯ್ಯೋ, ವಾಲ್ವ್ ಚೆನ್ನಾಗಿಯೇ ಇದೆಯಲ್ಲ’ ಎಂದು ಆಗಲೇ ಗೊತ್ತಾಗಿಬಿಡುತ್ತದೆ.)

ಈ ಕಾಲದಲ್ಲಿ ಬಿಚ್ಚಿದ ವಾಲ್ವಿನೊಳಗೆ ಸಿಗುವುದು ಸಾಮಾನ್ಯವಾಗಿ ಒಂದೇ ಮಾಲು: ಎಲೆಯ ತೊಟ್ಟು. ಬೆಂಕಿಕಡ್ಡಿಯಷ್ಟು ದಪ್ಪದ ತೊಟ್ಟೊಂದು ಮುಚ್ಚಳಕ್ಕೂ ಕೂರುಮಣೆಗೂ ನಡುವೆ ಅಡ್ಡ ಬಿದ್ದಿರುತ್ತದೆ, ಸುತ್ತಲೂ ಕಪ್ಪು ಲೋಳೆ. ಅದನ್ನು ತೆಗೆದು, ಕೂರುವ ಜಾಗದ ಮೇಲೆ ಬೆರಳು ಸವರಿ ನೋಡಬೇಕು. ಹಿತ್ತಾಳೆಯಲ್ಲಿ ಗೀರಿದ್ದರೆ ನಯವಾದ ಮರಳುಕಾಗದದಿಂದ ಉಜ್ಜಿ ಸಮ ಮಾಡಬಹುದು. ಚರ್ಮದ ವಾಷರ್ ಇರುವ ವಾಲ್ವಾದರೆ ಅಂಚು ಮೇಲಕ್ಕೆ ಸುರುಳಿಯಾಗಿದೆಯೇ ನೋಡಿ. ನೀರು ಇಳಿದು ಫುಟ್‌ವಾಲ್ವ್ ಕೆಲವು ದಿನ ಗಾಳಿಯಲ್ಲಿ ನೇತಾಡಿದರೆ ಸಾಕು, ಚರ್ಮ ಹಪ್ಪಳದಂತೆ ಒಣಗಿ ಮಡಚಿಕೊಳ್ಳುತ್ತದೆ. ಹೊಸ ಚರ್ಮವನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ಹಾಕಬೇಕು, ನಡುವಿನ ಬೋಲ್ಟನ್ನು ಅತಿಯಾಗಿ ಬಿಗಿಯಬಾರದು. ಬಿಗಿದರೆ ನಡು ತಗ್ಗಿ ಅಂಚು ಎದ್ದು ನಿಲ್ಲುತ್ತದೆ. ಚರ್ಮದ ಬದಲು ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಹಾಕುವವರಿದ್ದಾರೆ. ಅದು ತೀರಾ ಮೆದು, ನೀರಿನ ಭಾರಕ್ಕೆ ತೂತಿನೊಳಕ್ಕೆ ಜಗ್ಗಿ ಮಡಚಿಕೊಳ್ಳುತ್ತದೆ.

ಇಳಿಸುವ ಮೊದಲು ಮೇಲೆಯೇ ಪರೀಕ್ಷೆ ಮಾಡಿಬಿಡಬೇಕು. ಒಂದು ಮೀಟರ್ ಪೈಪಿನ ತುಂಡಿಗೆ ವಾಲ್ವ್ ಹಾಕಿ, ನೇರ ನಿಲ್ಲಿಸಿ ನೀರು ತುಂಬಿ, ಕಾಲು ಗಂಟೆ ಕಾಯುವುದು. ಹನಿ ಬೀಳಬಾರದು. ಇಷ್ಟು ಕಡಿಮೆ ನೀರಿಗೆ ತಡೆದ ಮುಚ್ಚಳ ಹೆಚ್ಚಿನ ಭಾರಕ್ಕೆ ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಸಗಣಿ ನೀರಿನ ಉಪಾಯವನ್ನೂ ಹೇಳಬೇಕು. ತೆಳ್ಳಗೆ ಕಲಸಿದ ಸಗಣಿಯನ್ನು ಪ್ರೈಮಿಂಗ್ ಬಟ್ಟಲಿಗೆ ಹೊಯ್ದರೆ ಅದರ ನಾರು ಇಳಿದುಹೋಗಿ ವಾಲ್ವಿನ ಸಂದಿಯಲ್ಲಿ ಕೂರುತ್ತದೆ, ಪಂಪು ಆ ಹೊತ್ತಿಗೆ ನೀರೆತ್ತುತ್ತದೆ. ಬೆಳೆ ಬಾಡುತ್ತಿರುವಾಗ ಒಂದು ದಿನದ ಮಟ್ಟಿಗೆ ಸರಿ. ಪಂಪು ನಿಲ್ಲಿಸಿ ಮತ್ತೆ ಹಾಕುವಾಗ ಮುಚ್ಚಳ ಎದ್ದು ಆ ನಾರೆಲ್ಲ ಕೊಚ್ಚಿಹೋಗಿರುತ್ತದೆ, ಮತ್ತೆ ಸಗಣಿ. ಕುಡಿಯುವ ನೀರಿನ ಬಾವಿಗಂತೂ ಈ ಉಪಾಯ ಬೇಡವೇ ಬೇಡ.

ಜಾಲರಿಯ ವಿಷಯದಲ್ಲಿ ನನ್ನದೊಂದು ತಕರಾರಿದೆ. ಎಲೆ ಬರುತ್ತದೆಂದು ಫುಟ್‌ವಾಲ್ವಿಗೇ ಸೊಳ್ಳೆಪರದೆ ಬಿಗಿದು ಕಟ್ಟುತ್ತಾರೆ. ಎರಡೇ ದಿನಕ್ಕೆ ಪಾಚಿ ಮೆತ್ತಿ ಮುಚ್ಚಿಹೋಗುತ್ತದೆ, ಆಮೇಲೆ ಪಂಪಿನೊಳಗೆ ಜಲ್ಲಿ ಕುಲುಕಿದ ಸದ್ದು ಬರುತ್ತದೆ. ಅದು ಎಳೆತ ಹೆಚ್ಚಾಗಿ ಒಳಗೆ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುವ ಸದ್ದು. ಹಾಗೇ ಬಿಟ್ಟರೆ ಇಂಪೆಲ್ಲರನ್ನು ಗೆದ್ದಲು ತಿಂದ ಮರದಂತೆ ಮಾಡುತ್ತದೆ. ಪರದೆ ಬೇಕೇ ಬೇಕೆಂದರೆ ವಾಲ್ವಿಗೆ ತಾಗದಂತೆ ಸುತ್ತ ಒಂದಡಿ ಅಗಲದ ಪಂಜರ ಮಾಡಿ ಅದಕ್ಕೆ ಕಟ್ಟಿ. ನೀರು ಬರುವ ಜಾಗ ದೊಡ್ಡದಾದಷ್ಟೂ ಕಸ ಮೆತ್ತುವುದು ನಿಧಾನ.

ಪೈಪೂ ವಾಲ್ವೂ ಸರಿ, ಆದರೂ ನೀರಿಲ್ಲ ಎಂದರೆ ಗ್ಲ್ಯಾಂಡು, ಅಂದರೆ ಶಾಫ್ಟ್ ಪಂಪಿನಿಂದ ಹೊರಬರುವ ಕಡೆ ಸಂದಿಗೆ ಹಗ್ಗ ತುಂಬಿದ ಜಾಗ, ನೋಡುವುದು. ಪಂಪು ಕೆಲವು ದಿನ ನಿಂತಿದ್ದರೆ ಗ್ಲ್ಯಾಂಡಿನ ಹಗ್ಗ ಒಣಗಿ ಕುಗ್ಗಿ ಅಲ್ಲಿಂದಲೂ ಗಾಳಿ ಹೋಗುತ್ತದೆ. ಹಗ್ಗದ ದಪ್ಪ ಗೊತ್ತಾಗಲು ಗ್ಲ್ಯಾಂಡ್ ಬಾಯಿಯ ಅಗಲದಲ್ಲಿ ಶಾಫ್ಟಿನ ದಪ್ಪ ಕಳೆದು ಎರಡರಿಂದ ಭಾಗಿಸಿ. ಒಂದೇ ಉದ್ದದ ಹಗ್ಗವನ್ನು ಸುರುಳಿ ಸುತ್ತಿ ತುರುಕಬಾರದು. ಶಾಫ್ಟಿಗೆ ಸರಿಯಾದ ಬಳೆಗಳಾಗಿ, ತುದಿ ಓರೆಯಾಗಿ ಕತ್ತರಿಸಿ, ಒಂದರ ಸಂದು ಇನ್ನೊಂದರ ಸಂದಿನ ಮೇಲೆ ಬರದಂತೆ ಕೂರಿಸಬೇಕು. ಓಡುವಾಗ ಗ್ಲ್ಯಾಂಡಿನಿಂದ ಸೆಕೆಂಡಿಗೊಂದರಂತೆ ಹನಿ ಬೀಳುತ್ತಿರಬೇಕು. ತೊಟ್ಟೂ ಬೀಳದಂತೆ ಬಿಗಿದರೆ ಹಗ್ಗ ಸುಟ್ಟು ಶಾಫ್ಟ್ ಸವೆಯುತ್ತದೆ.

ಮೂರು ಫೇಸಿನ ಮೋಟರಾಗಿದ್ದು, ಲೈನಿನಲ್ಲಿ ರಿಪೇರಿ ಆದ ಮರುದಿನದಿಂದ ನೀರು ಕಡಿಮೆಯಾಗಿದ್ದರೆ ತಿರುಗುವ ದಿಕ್ಕು ನೋಡಿ. ಪಂಪು ಉಲ್ಟಾ ತಿರುಗಿದರೂ ಸ್ವಲ್ಪ ನೀರು ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಮೈಮೇಲಿನ ಬಾಣದ ಗುರುತಿಗೆ ಹೋಲಿಸಿ, ಕರೆಂಟ್ ಪೂರ್ತಿ ತೆಗೆದು, ಮೂರರಲ್ಲಿ ಯಾವುದಾದರೂ ಎರಡು ವೈರು ಅದಲು ಬದಲು ಮಾಡಿದರೆ ಮುಗಿಯಿತು.

ಕೊನೆಗೆ ಫುಟ್‌ವಾಲ್ವ್ ಎಲ್ಲಿ ನಿಲ್ಲಬೇಕು ಎನ್ನುವುದು. ಆ ಎರಡನೆಯ ಅಳತೆಯ ಮಟ್ಟದಿಂದ ಕನಿಷ್ಠ ಎರಡಡಿ ಕೆಳಗೆ, ತಳದ ಹೂಳಿನಿಂದ ಒಂದೂವರೆ ಅಡಿ ಮೇಲೆ. ಅಷ್ಟು ನೀರಿಲ್ಲದಿದ್ದರೆ ಮೇಲ್ಮೈಯಲ್ಲಿ ಸುಳಿ ಎದ್ದು ಅದರ ಬಾಯಿಂದಲೇ ಗಾಳಿ ಹೋಗುತ್ತದೆ. ಆಗ ಗೇಟ್‌ವಾಲ್ವ್ ಅರ್ಧ ಮುಚ್ಚಿ ನೀರು ತಗ್ಗಿಸುವುದು, ಜೊತೆಗೆ ಎರಡಡಿ ಚೌಕದ ಹಲಗೆಯೊಂದನ್ನು ಹಗ್ಗ ಕಟ್ಟಿ ಸುಳಿಯ ಮೇಲೆ ತೇಲಬಿಡುವುದು. ಹಲಗೆಯ ಅಡಿಯಲ್ಲಿ ಸುಳಿ ಕಟ್ಟುವುದಿಲ್ಲ.

ಪಂಪನ್ನೇ ಕೆಳಗಿನ ಅಟ್ಟಣೆಗೆ ಇಳಿಸಬೇಕಾದಾಗ ಡೀಸೆಲ್ ಎಂಜಿನನ್ನು ಮಾತ್ರ ಎಂದಿಗೂ ಬಾವಿಯೊಳಗೆ ಇಳಿಸಬೇಡಿ. ಅದರ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ದೀಪ ಇಳಿಸಿ ನೋಡಿದರೆ ಆಮ್ಲಜನಕ ತೀರಾ ಕಡಿಮೆಯಿರುವುದಷ್ಟೇ ಗೊತ್ತಾಗುತ್ತದೆ, ಈ ವಿಷ ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಕೆಳಗಿಳಿದವರು ಕುಸಿದರೆ ಬರಿಗೈಲಿ ಹಿಂದೆಯೇ ಇಳಿಯುವವರೂ ಉಳಿಯುವುದಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಯಬೇಕು, ಮೇಲೆ ಎಳೆಯಲು ಇಬ್ಬರು ನಿಂತಿರಬೇಕು.

ಎಲ್ಲ ಜೋಡಿಸಿ ನೀರು ತುಂಬಿದಮೇಲೆ ಗೇಟ್‌ವಾಲ್ವ್ ಮುಚ್ಚಿಯೇ ಚಾಲೂ ಮಾಡಿ, ಸದ್ದು ಭಾರವಾದಮೇಲೆ ನಿಧಾನಕ್ಕೆ ತೆರೆಯುವುದು. ಆಂಪಿಯರ್ ಮುಳ್ಳಿದ್ದರೆ ಅದನ್ನೇ ನೋಡಿ: ನೀರು ಹಿಡಿದಾಗ ಮುಳ್ಳು ಏರುತ್ತದೆ, ಗಾಳಿ ಹೊಕ್ಕರೆ ಬೀಳುತ್ತದೆ. ಒಂದು ನಿಮಿಷದಲ್ಲಿ ನೀರು ಬಾರದಿದ್ದರೆ ನಿಲ್ಲಿಸಿ. ಕರೆಂಟ್ ಬಂದೊಡನೆ ಪಂಪನ್ನು ತಾನೇ ಚಾಲೂ ಮಾಡುವ ಆಟೋ ಸ್ಟಾರ್ಟರ್ ಇರುವವರು ಹೊಸ ವಾಲ್ವ್ ಎರಡು ರಾತ್ರಿ ನೀರು ಹಿಡಿದು ನಿಲ್ಲುವುದನ್ನು ನೋಡುವವರೆಗೆ ಆಟೋ ತೆಗೆದಿಡುವುದು ಒಳ್ಳೆಯದು.