ಬಾನೆಟ್ ಅಡಿಯಲ್ಲಿ ನಾನು ಹಾಕಿದ್ದು, ಕಿತ್ತದ್ದು

ನನ್ನ ಹಳೆಯ ಕಾರಿನ ಹೆಡ್‌ಲೈಟ್ ರಾತ್ರಿ ರಸ್ತೆಯ ಮೇಲೆ ಹಳದಿ ಮಬ್ಬನ್ನು ಚೆಲ್ಲುತ್ತಿತ್ತು, ಅಷ್ಟೇ. ಬೆಳಿಗ್ಗೆ ಸ್ಟಾರ್ಟರ್ ನರಳುತ್ತಿತ್ತು. ಎರಡಕ್ಕೂ ಒಂದೇ ಮದ್ದು ಎಂದು ನಂಬಿ ಬ್ಯಾಟರಿಗೆ ಸಿಕ್ಕಿಸುವ ವೋಲ್ಟೇಜ್ ಸ್ಟೆಬಿಲೈಸರ್ ತಂದೆ. ನೀಲಿ ದೀಪದ ಚಂದದ ಡಬ್ಬಿ.

ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ ಮುಖ ಸಪ್ಪಗಾಯಿತು. ಎಂಜಿನ್ ಓಡುವಾಗ 14.2 ವೋಲ್ಟ್; ಡಬ್ಬಿ ಕಳಚಿದರೂ 14.2. ವೋಲ್ಟೇಜ್ ಕಾಯುವ ರೆಗ್ಯುಲೇಟರ್, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್‌ನಲ್ಲಿ ಮೊದಲೇ ಇರುತ್ತದೆ. ಸಾಲದ್ದಕ್ಕೆ ಆ ನೀಲಿ ದೀಪ ಕಾರು ನಿಂತಾಗಲೂ ಉರಿಯುತ್ತ ಬ್ಯಾಟರಿಯನ್ನೇ ನೆಕ್ಕುತ್ತಿತ್ತು.

ಅಂದಿನಿಂದ ಅಳೆಯದೆ ಏನನ್ನೂ ಕೊಳ್ಳುವುದಿಲ್ಲ ಎಂದುಕೊಂಡೆ. ಹೆಡ್‌ಲೈಟ್ ಹಾಕಿ ನೋಡಿದರೆ ಬ್ಯಾಟರಿಯಲ್ಲಿ 13.9 ವೋಲ್ಟ್, ಬಲ್ಬಿನ ಸಾಕೆಟ್‌ನಲ್ಲಿ 11.8. ಎರಡು ವೋಲ್ಟ್ ದಾರಿಯಲ್ಲೇ ಸೋರಿತ್ತು. ಹ್ಯಾಲೊಜೆನ್ ಬಲ್ಬಿಗೆ ಇದು ದೊಡ್ಡ ಪೆಟ್ಟು: ವೋಲ್ಟೇಜ್ ಶೇ 15ರಷ್ಟು ಇಳಿದರೆ ಬೆಳಕು ಶೇ 40ಕ್ಕೂ ಹೆಚ್ಚು ಇಳಿಯುತ್ತದೆ. ಈ ಕಾರಿನಲ್ಲಿ ಬಲ್ಬುಗಳ ಪೂರ್ತಿ ಕರೆಂಟು ಸ್ಟಿಯರಿಂಗ್ ಬಳಿಯ ಸ್ವಿಚ್ ಸುತ್ತಿ ತೆಳು ವೈರಿನಲ್ಲಿ ಬರುತ್ತಿತ್ತು.

100/90 ವ್ಯಾಟ್ (ಹೈ ಬೀಮ್/ಲೋ ಬೀಮ್) ಬಲ್ಬ್ ಹಾಕು ಎಂದವರಿದ್ದರು. ಅದೇ ತೆಳು ವೈರಿನಲ್ಲಿ ಅದನ್ನು ಉರಿಸಿದರೆ ಕರಗುವುದು ಹೋಲ್ಡರ್. ನಾನು ಮೂಲದ 60/55 ವ್ಯಾಟ್ ಬಲ್ಬನ್ನೇ ಉಳಿಸಿಕೊಂಡು, ಹೈ ಬೀಮ್, ಲೋ ಬೀಮ್‌ಗೆ ಒಂದೊಂದು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಕೂರಿಸಿದೆ. ಬ್ಯಾಟರಿಯಿಂದ ದಪ್ಪ ವೈರು ಫ್ಯೂಸ್ ದಾಟಿ ರಿಲೇಯ 30ನೇ ಪಿನ್‌ಗೆ, 87ರಿಂದ ಬಲ್ಬಿಗೆ. ಹಳೆಯ ವೈರಿಗೆ 85, 86ರ ನಡುವಿನ ಕಾಯಿಲ್‌ಗೆ ಕರೆಂಟು ಕೊಡುವ ಹಗುರ ಕೆಲಸ ಮಾತ್ರ. ಫ್ಯೂಸ್ ಬ್ಯಾಟರಿಯಿಂದ ಗೇಣು ದೂರದೊಳಗೇ ಇರಬೇಕು. ಬ್ಯಾಟರಿಗೂ ಫ್ಯೂಸಿಗೂ ನಡುವೆ ವೈರು ಸವೆದು ಬಾಡಿಗೆ ತಾಗಿದರೆ ಬೆಂಕಿ ತಡೆಯಲು ಏನೂ ಇರುವುದಿಲ್ಲ. ಕೆಲಸ ಮುಗಿಸಿ ಅಳೆದಾಗ ಸಾಕೆಟ್‌ನಲ್ಲಿ 13.5. ಆ ರಾತ್ರಿ ರಸ್ತೆಯಂಚಿನ ಹುಲ್ಲಿನ ಎಸಳೂ ಕಂಡಿತು.

ಸ್ಟಾರ್ಟರ್ ನರಳಾಟಕ್ಕೆ ಬಣ್ಣಬಣ್ಣದ ಅರ್ಥಿಂಗ್ ಕಿಟ್ (ಬ್ಯಾಟರಿಯ ನೆಗೆಟಿವ್ ಅನ್ನು ಎಂಜಿನ್ನಿಗೆ, ಬಾಡಿಗೆ ಜೋಡಿಸುವ ಹೆಚ್ಚುವರಿ ವೈರುಗಳು) ಮೊದಲೇ ಕೊಂಡಿದ್ದೆ. ಅದನ್ನು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕ್‌ಗೂ ಮೀಟರ್ ಹಚ್ಚಿ ಕೀಲಿ ತಿರುಗಿಸಿದೆ: 0.9 ವೋಲ್ಟ್ ಅಲ್ಲೇ ಸೋರುತ್ತಿತ್ತು. ಬೋಲ್ಟ್ ಬಿಚ್ಚಿದರೆ ಅರ್ಥಿಂಗ್ ಪಟ್ಟಿಯಡಿ ಹಸಿರು ಕಿಲುಬು. ಮರಳು ಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿದೆ. 0.15ಕ್ಕೆ ಇಳಿಯಿತು. ಕಿಟ್ ಇನ್ನೂ ಪೊಟ್ಟಣದಲ್ಲೇ ಇದೆ.

ತೆರೆದ ಏರ್ ಫಿಲ್ಟರ್ ಒಂದು ತಿಂಗಳಿತ್ತು. ಗುಡುಗು ಹೆಚ್ಚಿತು, ಓಟ ಹೆಚ್ಚಲಿಲ್ಲ. ಎಂಜಿನ್ನಿನ ಬಿಸಿಗಾಳಿಯನ್ನೇ ಅದು ಕುಡಿಯುತ್ತಿತ್ತು. ಕಿತ್ತೆ. ಇರಿಡಿಯಂ ಸ್ಪಾರ್ಕ್ ಪ್ಲಗ್ ಹೆಚ್ಚು ಕಾಲ ಬಾಳುತ್ತದೆಂದು ಉಳಿಸಿಕೊಂಡೆ, ಶಕ್ತಿ ಬಂತೆಂದಲ್ಲ.

ರಿಲೇ ವಿಚಾರದಲ್ಲೂ ಎಡವಿದ್ದೇನೆ. ಪಿನ್‌ಗಳು ಮೇಲ್ಮುಖವಾಗಿರುವಂತೆ ಕೂರಿಸಿದ್ದರಿಂದ ಮೊದಲ ಮಳೆಗೇ ಒಂದು ಕೈಕೊಟ್ಟಿತು. ಈಗ ಎರಡನ್ನೂ ತಲೆಕೆಳಗಾಗಿಸಿದ್ದೇನೆ. ನೀರು ತೊಟ್ಟಿಕ್ಕಿ ಹೋಗುತ್ತದೆ.