ಕಮಾನಿನ ಜಾಡು ಹಿಡಿದು

ಹದಿನೆಂಟು ವರ್ಷ ಕರ್ನಾಟಕ ಸಂಗೀತದ ಪಿಟೀಲು ನುಡಿಸಿದ ಮೇಲೆ ನಾನು ಮತ್ತೆ ಶಿಷ್ಯನಾಗಿ ಕುಳಿತದ್ದು, 1968ರಲ್ಲೇ ತೀರಿಕೊಂಡ ಒಬ್ಬ ಅಮೆರಿಕನ್ ಅಜ್ಜನ ಮುಂದೆ. ಹೆನ್ರಿ ರೀಡ್, ಅಮೆರಿಕದ ವರ್ಜೀನಿಯಾ ರಾಜ್ಯದ ಗುಡ್ಡಗಾಡಿನ ಗ್ಲೆನ್ ಲಿನ್ ಊರಿನ ಪಿಟೀಲುವಾದಕರು. 1966-67ರಲ್ಲಿ ಅಲನ್ ಜಬೂರ್ ಎಂಬ ವಿದ್ಯಾರ್ಥಿ ಟೇಪ್ ರೆಕಾರ್ಡರ್ ಹೊತ್ತು ಹುಡುಕಿಕೊಂಡು ಬಂದಾಗ ಅವರಿಗೆ ಎಂಬತ್ತು ದಾಟಿತ್ತು. ಆಗ ಧ್ವನಿಮುದ್ರಿಸಿಕೊಂಡ ಮಟ್ಟುಗಳನ್ನು ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಜತನದಿಂದ ಕಾಪಾಡಿ ಎಲ್ಲರ ಕೇಳ್ಮೆಗೆ ತೆರೆದಿಟ್ಟಿದೆ.

ನಾನು ಆರಿಸಿಕೊಂಡದ್ದು 'ಕಿಚನ್ ಗರ್ಲ್' ಎಂಬ ಮಟ್ಟು. ಮೇಲಿನ ಸ್ಥಾಯಿಯ ಭಾಗದಲ್ಲಿ ಹರಿಕಾಂಭೋಜಿ ರಾಗದ ಸ್ವರಗಳು. ಕೆಳಗಿಳಿದಾಗ ಎತ್ತರದ 'ಗ'ವಾದ ಅಂತರ ಗಾಂಧಾರ ಹೋಗಿ ತಗ್ಗಿನ 'ಗ'ವಾದ ಸಾಧಾರಣ ಗಾಂಧಾರ ಬರುತ್ತದೆ, ಖರಹರಪ್ರಿಯ ರಾಗದ ನೆರಳು ಬೀಳುತ್ತದೆ. ಸ್ವರಗಳು ಒಂದೇ ಸಂಜೆಯಲ್ಲಿ ಕೈಗೆ ಬಂದವು. ಆದರೆ ನುಡಿಸಿದರೆ ರೀಡ್ ಅವರದ್ದಾಗಿ ಕೇಳಿಸಲಿಲ್ಲ. ನನ್ನ ಬೆರಳು ಗಾಂಧಾರವನ್ನು ತಾನಾಗಿ ಅಲುಗಿಸುತ್ತಿತ್ತು. ಹೀಗೆ ಸ್ವರ ಅಲುಗಿಸುವ ಗಮಕ ಬಿಟ್ಟೆ, ಮಟ್ಟು ಬೋಳಾಯಿತು.

ಆಮೇಲೆ ಧ್ವನಿಯ ವೇಗವನ್ನು ಅರ್ಧಕ್ಕಿಳಿಸಿ, ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು, ಬರೀ ಕೇಳಿದೆ. ಸ್ವರಗಳನ್ನು ಬಿಟ್ಟು, ತಂತಿ ಉಜ್ಜುವ ಕಮಾನು ತಿರುಗುವ ಸದ್ದಿಗೆ ಕಿವಿಗೊಟ್ಟೆ. ತಾಳ ಬಿದ್ದಲ್ಲಿ ಅದು ತಿರುಗುತ್ತಿರಲಿಲ್ಲ. ಎರಡು ಮೂರು ಸ್ವರಗಳನ್ನು ಒಂದೇ ಎಳೆತದಲ್ಲಿ ಕಟ್ಟಿಕೊಂಡು ಪೆಟ್ಟನ್ನು ದಾಟಿ ಹೋಗುತ್ತಿತ್ತು. ಮೂರನೆಯ ದಿನವೋ ನಾಲ್ಕನೆಯ ದಿನವೋ, ತೊಡೆಯ ಮೇಲೆ ತಾಳ ಹಾಕುತ್ತಿದ್ದಾಗ ಬಾಯಿಂದ ತಾನಾಗಿ ಹೊರಟಿತು: ತಕಿಟ ತಕಿಟ ತಕ. ಮೂರು, ಮೂರು, ಎರಡು. ಎಂಟು ಮಾತ್ರೆಯನ್ನು ಹೀಗೆ ಒಡೆಯುವುದು ನನಗೆ ಮೃದಂಗದ ಪಕ್ಕದಲ್ಲಿ ಕೂತು ಗೊತ್ತಿದ್ದ ಸಂಗತಿಯೇ. ನಮ್ಮ ಗಮಕ ಎಡಗೈಯಲ್ಲಿದ್ದರೆ ಇವರ ಕುಸುರಿಯೆಲ್ಲ ಬಲಗೈಯಲ್ಲಿದೆ! ಒಂದು ವಾರ ಎಡಗೈ ಮುಟ್ಟಿಸದೆ, ಬಿಟ್ಟ ತಂತಿಯ ಮೇಲೆ ಇಷ್ಟನ್ನೇ ಉಜ್ಜಿದೆ.

ಆ ಬೆಟ್ಟಸೀಮೆಯ ವಾದಕರು ಇಂಥ ಮಟ್ಟುಗಳಿಗೆ ಕೆಳಗಿನ ಎರಡು ತಂತಿಗಳನ್ನು ಏರಿಸಿ ಪಾಶ್ಚಾತ್ಯ ಸ್ವರಗಳಾದ ಎ-ಇ-ಎ-ಇ ಎಂದು ಕೂಡಿಸಿಕೊಳ್ಳುವುದುಂಟು. ಅದು ನಮ್ಮ ಸ-ಪ-ಸ-ಪ! ತಿಳಿದ ದಿನ ಮೈ ಜುಮ್ಮೆಂದಿತು. ಇದರಿಂದ ಎರಡಕ್ಕೂ ಹಳೆಯ ನಂಟು ಕಟ್ಟುವುದು ಬೇಡ. ಬಿಟ್ಟ ತಂತಿ ಶ್ರುತಿಯಾಗಿ ಮೊಳಗಬೇಕೆಂಬ ಆಸೆ ಎರಡೂ ಕಡೆ ಇತ್ತು, ಅಷ್ಟೆ. ಕಲಿಯುವವರಿಗೆ ಒಂದು ಮಾತು: ತಂತಿಯನ್ನು ಯಂತ್ರದ ಶ್ರುತಿಗೆ ಕೂಡಿಸಬೇಡಿ, ಧ್ವನಿಮುದ್ರಣಕ್ಕೇ ಕೂಡಿಸಿ. ಇಲ್ಲದಿದ್ದರೆ ಜೊತೆಗೆ ನುಡಿಸಲಾಗದು.

ರೀಡ್ ಚಿಕ್ಕವರಿದ್ದಾಗ ಕಲಿತದ್ದು ಕ್ವಿನ್ಸ್ ಡಿಲನ್ ಎಂಬ ವೃದ್ಧರಿಂದ. ಅಮೆರಿಕ-ಮೆಕ್ಸಿಕೊ ಯುದ್ಧದಲ್ಲಿ ಸೈನಿಕರಿಗೆ ಫೈಫ್ ಎಂಬ ಸಣ್ಣ ಕೊಳಲು ಊದಿದ್ದವರು ಡಿಲನ್. ಅವರ ಹೆಸರಿನದೇ ಮಟ್ಟು 'ಕ್ವಿನ್ಸ್ ಡಿಲನ್ಸ್ ಹೈ ಡಿ' ಈಗ ನನ್ನ ಕೈಯಲ್ಲಿದೆ. ಆ ಎತ್ತರದ ಡಿ ಸ್ವರಕ್ಕೆ ನನ್ನ ಬೆರಳು ಇನ್ನೂ ಜಾರಿಕೊಂಡೇ ಹೋಗುತ್ತಿದೆ.