ಚರ್ಮದ ಮೇಲೆ ಮೊದಲ ಬಾರಿಗೆ ಚಿತ್ತಾರ ಮೂಡಿಸುವವರಿಗೆ

ಚರ್ಮದ ಮೇಲೆ ಅಚ್ಚು ಬಡಿದು ಚಿತ್ತಾರ ಮೂಡಿಸಲು ಹೊರಟವರು ಮೊದಲು ಗಮನಿಸಬೇಕಾದುದು ಚರ್ಮ ಯಾವ ಬಗೆಯದು ಎಂಬುದನ್ನು. ಅಣಲೆಕಾಯಿ, ತಂಗಡಿ ತೊಗಟೆಯಂತಹ ಸಸ್ಯಮೂಲದ ಒಗರಿನಿಂದ ಹದಮಾಡಿದ ಚರ್ಮವು ಒತ್ತಿದ ಗುರುತನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ರೋಮಿಯಂ ಲವಣದಿಂದ ಹದಮಾಡಿದ ಮೆತ್ತನೆಯ ಚರ್ಮವು ಎಷ್ಟು ಬಲವಾಗಿ ಬಡಿದರೂ ಮತ್ತೆ ಉಬ್ಬಿಕೊಳ್ಳುತ್ತದೆ. ಕತ್ತರಿಸಿದ ಅಂಚಿನ ಒಳಭಾಗ ನೀಲಿಬೂದು ಬಣ್ಣದ್ದಾಗಿದ್ದರೆ ಅದು ಬಹುಮಟ್ಟಿಗೆ ಕ್ರೋಮಿಯಂ ಚರ್ಮವೇ.

ನನ್ನ ಮೊದಲ ನಾಲ್ಕೈದು ತುಂಡುಗಳು ಕೆಟ್ಟದ್ದು ಆತುರದಿಂದ. ಸ್ಪಂಜಿನಿಂದ ನೀರು ಸವರಿದ ಕೂಡಲೇ ಅಚ್ಚು ಬಡಿದೆ, ಗೆರೆಗಳೆಲ್ಲ ಮಸುಕಾದವು. ನೀರು ಒಳಗಿಳಿದು, ಮೇಲ್ಮೈ ಹೆಚ್ಚುಕಡಿಮೆ ಮೊದಲಿನ ತಿಳಿಬಣ್ಣಕ್ಕೆ ಮರಳಿ, ಆದರೆ ಕೆನ್ನೆಗೆ ತಾಗಿಸಿದಾಗ ಇನ್ನೂ ತಂಪೆನಿಸುವ ಹೊತ್ತಿನಲ್ಲಿ ಕೆಲಸ ಆರಂಭಿಸಬೇಕು. ಆಗ ಬಡಿದ ಜಾಗ ಕಡುಕಂದು ಬಣ್ಣಕ್ಕೆ ತಿರುಗುತ್ತದೆ. ಹದ ಸರಿಯಿದೆ ಎನ್ನಲು ಇದಕ್ಕಿಂತ ಒಳ್ಳೆಯ ಸೂಚನೆಯನ್ನು ನಾನು ಕಂಡಿಲ್ಲ. ನಡುವೆ ಒಣಗಿದರೆ ತುಸುವೇ ನೀರು ಸವರಿ ಮತ್ತೆ ಕಾಯಿರಿ.

ಗೆರೆಗಳನ್ನು ಸ್ವಿವೆಲ್ ಚಾಕುವಿನಿಂದ (ಬೆರಳ ಹಿಡಿತದಲ್ಲೇ ಅಲಗು ಅತ್ತಿತ್ತ ತಿರುಗುವ ಚಾಕು) ಚರ್ಮದ ದಪ್ಪದ ಮೂರನೇ ಒಂದು ಭಾಗದಷ್ಟು ಆಳಕ್ಕೆ ಕೊಯ್ದರೆ ಸಾಕು. ಕೆಳಗೆ ಗ್ರಾನೈಟ್ ಚಪ್ಪಡಿಯ ತುಂಡು ಇರಲಿ, ಏಕೆಂದರೆ ಮರದ ಮೇಜು ಪೆಟ್ಟನ್ನು ನುಂಗಿಬಿಡುತ್ತದೆ. ಒದ್ದೆ ಚರ್ಮಕ್ಕೆ ಬರಿಯ ಕಬ್ಬಿಣ ತಾಗದಂತೆಯೂ ನೋಡಿಕೊಳ್ಳಿ. ಚರ್ಮದಲ್ಲಿರುವ ಟ್ಯಾನಿನ್, ಅಂದರೆ ಹದಮಾಡಲು ಬಳಸಿದ ಸಸ್ಯದ ಒಗರು, ಕಬ್ಬಿಣದೊಡನೆ ಸೇರಿ ಉಂಟುಮಾಡುವ ಕಪ್ಪು ಕಲೆ ಬರೀ ನೀರಿನಿಂದ ಹೋಗುವಂಥದ್ದಲ್ಲ.